ಕಿರಿದಾದ ತಾಲೂಕು, ಹಿರಿದಾದ ಪೇಟೆ: ಪುತ್ತೂರಿನ ಚರಿತ್ರೆ

ಮಂಗಳೂರಿನಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಕಡಲಿಗೂ ಘಟ್ಟಕ್ಕೂ ನಡುವಣ ಮುರಕಲ್ಲಿನ ಗುಡ್ಡೆಗಳ ಮೇಲೆ ಬೆಳೆದ ಪೇಟೆ ಪುತ್ತೂರು. 2011ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 53 ಸಾವಿರ ಮಂದಿ. ಪೇಟೆಯ ನಿಜವಾದ ಗಾತ್ರ ಈ ಲೆಕ್ಕದಲ್ಲಿ ಕಾಣುವುದಿಲ್ಲ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಬಯಲುಸೀಮೆಯಂತೆ ಒಂದೆಡೆ ಮನೆಗಳು ಒತ್ತಾಗಿ ನಿಂತ ಹಳ್ಳಿಗಳಿಲ್ಲ. ಒಂದು ಮನೆ, ಅದರ ಕೆಳಗೆ ಗದ್ದೆ ಅಥವಾ ತೋಟ, ಮೇಲೆ ಗುಡ್ಡೆ, ಗುಡ್ಡೆಯ ಆಚೆಗೆ ಇನ್ನೊಂದು ಮನೆ. ಗ್ರಾಮ ಎಂಬುದು ಕಂದಾಯ ದಾಖಲೆಯಲ್ಲಿ ಇದೆಯೇ ಹೊರತು ಹೋಗಿ ನಿಲ್ಲಬಹುದಾದ ಒಂದು ಬೀದಿಯಾಗಿ ಇಲ್ಲ. ಇಂಥ ಸೀಮೆಯಲ್ಲಿ ಬೇರೆ ಕಡೆ ಹಳ್ಳಿಯ ಬೀದಿಯೇ ಪೂರೈಸುವ ಎಷ್ಟೋ ಕೆಲಸಗಳು ಪೇಟೆಯ ಪಾಲಿಗೆ ಬರುತ್ತವೆ. ಅಡಿಕೆ ಮಾರುವುದು, ಬಟ್ಟೆ ಕೊಳ್ಳುವುದು, ದಾವೆ ಹೂಡುವುದು, ಮಕ್ಕಳನ್ನು ಓದಿಸುವುದು, ವೈದ್ಯರನ್ನು ಕಾಣುವುದು ಎಲ್ಲಕ್ಕೂ ಜನ ಪೇಟೆಗೇ ಇಳಿಯಬೇಕು. ಪುತ್ತೂರಿನ ಚರಿತ್ರೆ ಬಹುಮಟ್ಟಿಗೆ ಹೀಗೆ ಇಳಿದು ಬಂದವರ ಚರಿತ್ರೆ.

ಈ ಪೇಟೆಯ ಇನ್ನೊಂದು ವಿಶೇಷ, ಅದು ದೊಡ್ಡ ಹೊಳೆಯ ದಂಡೆಯಲ್ಲಿಲ್ಲ. ರಸ್ತೆಗಳು ಬರುವ ಮೊದಲು ದಕ್ಷಿಣ ಕನ್ನಡದ ಒಳನಾಡಿನ ವ್ಯಾಪಾರ ನಡೆಯುತ್ತಿದ್ದದ್ದು ನೇತ್ರಾವತಿಯ ಮೇಲೆ. ಕೊಡಗು, ಮೈಸೂರುಗಳಿಂದ ಇಳಿದ ಸರಕು ಬಂಟ್ವಾಳ, ಪಾಣೆಮಂಗಳೂರುಗಳಲ್ಲಿ ದೋಣಿ ಹತ್ತಿ ಮಂಗಳೂರಿನ ಬಂದರು ಸೇರುತ್ತಿತ್ತು. ನೇತ್ರಾವತಿ ಮತ್ತು ಕುಮಾರಧಾರೆ ಕೂಡುವ ಉಪ್ಪಿನಂಗಡಿಯೂ ಹೊಳೆ ಬದಿಯ ಪೇಟೆಯೇ. ಅಲ್ಲಿ ಸಂಗಮವಿದೆ, ಸಹಸ್ರಲಿಂಗೇಶ್ವರನ ದೇವಸ್ಥಾನವಿದೆ, 1923 ಮತ್ತು 1974ರ ದೊಡ್ಡ ನೆರೆಗಳ ನೆನಪೂ ಇದೆ. ಪುತ್ತೂರಿಗೆ ಹೊಳೆಯ ಲಾಭವಿರಲಿಲ್ಲ, ನೆರೆಯ ಭಯವೂ ಇರಲಿಲ್ಲ. ದೋಣಿಯ ಕಾಲ ಮುಗಿದು ಗಾಡಿಯ ಕಾಲ ಬಂದಾಗ ಮಂಗಳೂರು–ಮಡಿಕೇರಿ ದಾರಿಯ ಮೇಲಿದ್ದ ಈ ಪೇಟೆಗೆ ಎತ್ತರದ ನೆಲವೇ ಅನುಕೂಲವಾಯಿತು.

ಪೇಟೆಯ ಹಳೆಯ ನಡು ಮಹಾಲಿಂಗೇಶ್ವರ ದೇವಸ್ಥಾನ. ಭಕ್ತರ ಬಾಯಲ್ಲಿ ಈತ ‘ಹತ್ತೂರ ಒಡೆಯ’. ದೇವಸ್ಥಾನದ ಕೆರೆಯ ಬಗ್ಗೆ ಒಂದು ಸ್ಥಳಪುರಾಣವಿದೆ. ಎಷ್ಟು ಅಗೆದರೂ ನೀರು ಬಾರದೆ, ಕೊನೆಗೆ ಕೆರೆಯ ಅಂಗಳದಲ್ಲೇ ಬ್ರಾಹ್ಮಣರನ್ನು ಕೂರಿಸಿ ಊಟ ಬಡಿಸಿದರಂತೆ. ಉಣ್ಣುತ್ತಿರುವಾಗಲೇ ನೀರು ಉಕ್ಕಿ, ಎಲೆಯಲ್ಲಿ ಉಳಿದ ಅನ್ನದ ಅಗುಳುಗಳು ಮುತ್ತಾದವಂತೆ. ಇನ್ನೊಂದು ಐತಿಹ್ಯದ ಪ್ರಕಾರ, ನೆಲಕ್ಕೆ ಅಂಟಿಕೊಂಡ ಲಿಂಗವನ್ನು ಆನೆಯಿಂದ ಎಳೆಸಲು ಹೋದಾಗ ಆನೆಯೇ ಛಿದ್ರವಾಯಿತು. ಅದರ ಕೊಂಬು ಬಿದ್ದ ಜಾಗ ಕೊಂಬೆಟ್ಟು, ಬಾಲ ಬಿದ್ದ ಜಾಗ ಬಲ್ನಾಡು. ಆನೆ ಈ ಕ್ಷೇತ್ರಕ್ಕೆ ಬರಕೂಡದು ಎಂಬ ನಂಬಿಕೆ ಇವತ್ತಿಗೂ ಉಳಿದಿದೆ. ಕಥೆಯನ್ನು ಚರಿತ್ರೆ ಎಂದು ಓದಬೇಕಾಗಿಲ್ಲ. ಆದರೆ ಅದು ಪೇಟೆಯ ಸುತ್ತಣ ಊರುಗಳನ್ನೆಲ್ಲ ಒಂದೇ ದೇವರ ಸುತ್ತ ಜೋಡಿಸಿ ಹೇಳುತ್ತದೆ. ಊರುಗಳನ್ನು ಹೀಗೆ ಹೆಸರಿನಲ್ಲೇ ಕಟ್ಟಿಹಾಕುವ ಉಪಾಯ ಯಾವ ಕಂದಾಯ ನಕ್ಷೆಗೂ ಕಡಿಮೆಯದಲ್ಲ.

ಜಾತ್ರೆಯಲ್ಲೂ ಅದೇ ಜೋಡಣೆ ಕಾಣುತ್ತದೆ. ವರ್ಷಾವಧಿ ಜಾತ್ರೆಗೆ ಏಪ್ರಿಲ್ 10ರಂದು ಧ್ವಜಾರೋಹಣ, 17ರಂದು ಬ್ರಹ್ಮರಥೋತ್ಸವ. ಸೌರಮಾನದ ಪಂಚಾಂಗ ಹಿಡಿದ ಸೀಮೆಯಾದ್ದರಿಂದ ಇಂಗ್ಲಿಷ್ ತಾರೀಕು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ದೂರದ ಊರುಗಳಲ್ಲಿ ಇರುವ ಪುತ್ತೂರಿನವರು ರಜೆ ಹಾಕಲು ಆಮಂತ್ರಣ ಪತ್ರಿಕೆಗಾಗಿ ಕಾಯಬೇಕಿಲ್ಲ. ಈ ದಿನಗಳಲ್ಲಿ ದೇವರು ಪೇಟೆ ಸವಾರಿ ಹೊರಟು ಕಟ್ಟೆಕಟ್ಟೆಗಳಲ್ಲಿ ಪೂಜೆ ಪಡೆಯುತ್ತಾನೆ. ರಥೋತ್ಸವದ ಹಿಂದಿನ ರಾತ್ರಿ ಬಲ್ನಾಡಿನಿಂದ ದಂಡನಾಯಕ, ಉಳ್ಳಾಲ್ತಿ ದೈವಗಳ ಭಂಡಾರ ಬರುತ್ತದೆ. ಉಳ್ಳಾಲ್ತಿಗೆ ಮಲ್ಲಿಗೆ ಒಪ್ಪಿಸುವ ಹರಕೆ ಇರುವುದರಿಂದ ಆ ದಿನ ಪೇಟೆಯಲ್ಲಿ ಮಲ್ಲಿಗೆಯ ಅಟ್ಟೆಗೆ ಎಲ್ಲಿಲ್ಲದ ಬೇಡಿಕೆ. ರಥ ಎಳೆದ ಮೇಲೆ ದೇವರು ಅವಭೃಥಕ್ಕಾಗಿ ಕುಮಾರಧಾರೆಯ ದಂಡೆಯ ವೀರಮಂಗಲಕ್ಕೆ ಹೋಗುತ್ತಾನೆ. ಪೇಟೆಯಲ್ಲಿ ಹೊಳೆಯಿಲ್ಲದ ಕಾರಣ ದೇವರೇ ಹೊಳೆಯ ಬಳಿಗೆ ಹೋಗಬೇಕು.

ದೇವಸ್ಥಾನದ ಎದುರಿನ ದೇವರಮಾರು ಗದ್ದೆಯಲ್ಲಿ ನಡೆಯುವ ಜೋಡುಕರೆ ಕಂಬಳಕ್ಕೆ ಕೋಟಿ–ಚೆನ್ನಯರ ಹೆಸರಿದೆ. ತುಳುನಾಡಿನ ಪಾಡ್ದನಗಳ ಈ ಅವಳಿ ವೀರರ ಜಗತ್ತು ಇದೇ ಸೀಮೆಯದು. ಅವರು ಹುಟ್ಟಿ ಬೆಳೆದ ಪಡುಮಲೆ ಪುತ್ತೂರು ತಾಲೂಕಿನಲ್ಲಿದೆ. ಪಂಜ ಮತ್ತು ಅವರು ಮಡಿದ ಎಣ್ಮೂರು ಸುಳ್ಯ, ಕಡಬದ ಕಡೆಗಿವೆ. ಬಲ್ಲಾಳರ ಸಣ್ಣ ಸಣ್ಣ ಬೀಡುಗಳು, ಅವುಗಳ ನಡುವಿನ ಗಡಿ ಜಗಳಗಳು, ಗದ್ದೆಯ ನೀರಿಗಾಗಿ ಎದ್ದ ಕಲಹ, ನಾಟಿ ವೈದ್ಯದಲ್ಲಿ ಹೆಸರಾದ ತಾಯಿ ದೇಯಿ ಬೈದೆತಿ, ಇವೆಲ್ಲ ಸೇರಿ ಈ ಪಾಡ್ದನ ಇಲ್ಲಿನ ಹಳೆಯ ಸಮಾಜದ ಬಗ್ಗೆ ಬಹಳಷ್ಟು ಹೇಳುತ್ತದೆ. ವಿಜಯನಗರದ ಅರಸರಾಗಲಿ, ಅವರ ನಂತರ ಬಂದ ಕೆಳದಿಯ ನಾಯಕರಾಗಲಿ ಇಷ್ಟು ಒಳಗಿನ ಗುಡ್ಡೆಗಳನ್ನು ಆಳಿದ್ದು ಇಂಥ ಬೀಡು, ಗುತ್ತುಗಳ ಮೂಲಕವೇ.

1763ರಲ್ಲಿ ಕೆಳದಿ ಹೈದರಾಲಿಯ ಕೈಸೇರಿದಾಗ ಕರಾವಳಿಯೂ ಅದರ ಜತೆಗೆ ಹೋಯಿತು. 1799ರಲ್ಲಿ ಟಿಪ್ಪು ಸುಲ್ತಾನ ಬಿದ್ದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಗೆ ಸೇರಿ ಮದರಾಸು ಪ್ರಾಂತ್ಯದ ಜಿಲ್ಲೆಯಾಯಿತು. ಆದರೆ ಅಮರ ಸುಳ್ಯ, ಬೆಳ್ಳಾರೆಗಳ ಸೀಮೆ ಬೇರೆಯದೇ ದಾರಿ ಹಿಡಿಯಿತು. ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಕೊಟ್ಟ ನೆರವಿಗಾಗಿ ಕಂಪನಿ ಈ ಭಾಗವನ್ನು ಕೊಡಗಿನ ಹಾಲೇರಿ ಅರಸರಿಗೆ ಬಿಟ್ಟುಕೊಟ್ಟಿತು. ಮುಂದಿನ ಮೂರು ದಶಕ ಘಟ್ಟದ ಕೆಳಗಿನ ಸುಳ್ಯ ಘಟ್ಟದ ಮೇಲಿನ ಮಡಿಕೇರಿಯ ಆಳ್ವಿಕೆಯಲ್ಲಿತ್ತು. ಇಲ್ಲಿನ ಗೌಡರಿಗೂ ಕೊಡಗಿನ ಗೌಡರಿಗೂ ಇರುವ ನಂಟು, ಸುಳ್ಯದಿಂದ ಮಡಿಕೇರಿಯವರೆಗೂ ಕೇಳಿಬರುವ ಅರೆಭಾಷೆ, ಆ ಕೊಡುಕೊಳೆಗೆ ಇವತ್ತಿಗೂ ಸಾಕ್ಷಿಯಾಗಿವೆ.

1834ರಲ್ಲಿ ಕಂಪನಿ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಸುಳ್ಯದ ಸೀಮೆಯನ್ನು ಕೊಡಗಿನಿಂದ ಕತ್ತರಿಸಿ ಮತ್ತೆ ಕೆನರಾಕ್ಕೆ ಸೇರಿಸಲಾಯಿತು. ಕಾಗದದ ಮೇಲೆ ಇದು ಆಡಳಿತದ ಸಣ್ಣ ತಿದ್ದುಪಡಿ. ರೈತನ ಮಟ್ಟಿಗೆ ದೊಡ್ಡ ಪೆಟ್ಟು. ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆದ ಬೆಳೆಯಲ್ಲೇ ಸಲ್ಲಿಸಬಹುದಿತ್ತು. ಕಂಪನಿ ನಗದು ಕೇಳಿತು. ಸಂತೆ, ಸಾಲ, ದಲ್ಲಾಳಿ ಯಾವುದೂ ಸರಿಯಾಗಿಲ್ಲದ ಗುಡ್ಡಗಾಡಿನಲ್ಲಿ ನಗದು ಎಂದರೆ ಅಡವಿಟ್ಟ ಗದ್ದೆ. ಅರಸೊತ್ತಿಗೆ ಹೋದ ಸಿಟ್ಟಿಗೆ ಈ ಸಂಕಟವೂ ಸೇರಿ 1837ರ ದಂಗೆ ಎದ್ದಿತು.

ದಂಗೆಯ ಮುಂಚೂಣಿಯಲ್ಲಿ ಇದ್ದವರು ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ, ಹುಲಿಕಡಿದ ನಂಜಯ್ಯ ಮೊದಲಾದವರು. ಹಾಲೇರಿ ಮನೆತನದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಪುಟ್ಟಬಸಪ್ಪ ಎಂಬ ರೈತನನ್ನು ಮುಂದಿಟ್ಟುಕೊಂಡು ಅವರು ಹೊರಟರು. ಬೆಳ್ಳಾರೆಯ ಸರಕಾರಿ ಖಜಾನೆ ಮೊದಲು ಕೈವಶವಾಯಿತು. ಅಲ್ಲಿಂದ ದಂಡು ಪುತ್ತೂರಿಗೆ ಬಂತು. ಮಂಗಳೂರಿನಿಂದ ಸಿಪಾಯಿಗಳನ್ನು ಕಟ್ಟಿಕೊಂಡು ಎದುರಿಸಲು ಬಂದ ಕಂಪನಿಯ ಅಧಿಕಾರಿಗಳು ಪುತ್ತೂರಿನಲ್ಲಿ ಸೇರಿದ್ದ ಜನರನ್ನು ಕಂಡು ಹಿಂದಕ್ಕೆ ಸರಿದರು. ದಾರಿಯುದ್ದಕ್ಕೂ ಬಲ ಹೆಚ್ಚಿಸಿಕೊಂಡ ದಂಡು ಪಾಣೆಮಂಗಳೂರು, ಬಂಟ್ವಾಳ ದಾಟಿ 1837ರ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿತು. ಸುಮಾರು ಎರಡು ವಾರ ಜಿಲ್ಲೆಯ ಮುಖ್ಯಪಟ್ಟಣ ಸುಳ್ಯ, ಪುತ್ತೂರುಗಳ ರೈತರ ಕೈಯಲ್ಲಿತ್ತು. ಹೊರಗಿನಿಂದ ಕಂಪನಿಯ ಸೈನ್ಯ ಬಂದಿಳಿದ ಮೇಲೆ ದಂಗೆ ಮುರಿಯಿತು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು.

ಈ ಘಟನೆಗೆ ಜಿಲ್ಲೆಯ ಜನರ ಬಾಯಲ್ಲಿ ಬಹುಕಾಲ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಅದರಲ್ಲಿ ಲೂಟಿಯ ಕಹಿ ಇದೆ. ಗೆದ್ದವರು ಬರೆದ ದಾಖಲೆಯ ಧ್ವನಿಯೂ ಇದೆ. ಈಗ ‘ಅಮರ ಸುಳ್ಯ ಸ್ವಾತಂತ್ರ್ಯ ಸಮರ’ ಎಂಬ ಹೆಸರು ಬಂದಿದೆ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲೇ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನ ಇದೇ ದಂಗೆಯನ್ನು ವಸ್ತುವಾಗಿಸಿಕೊಂಡು ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದಿದ್ದರು. ಸಾಮಾನ್ಯ ರೈತರು ಮಾಡಿದ ಈ ಸಾಹಸಕ್ಕೆ ಪಠ್ಯಪುಸ್ತಕಗಳಲ್ಲಿ ಸಿಕ್ಕ ಜಾಗ ಇವತ್ತಿಗೂ ಕಡಿಮೆಯೇ.

ದಂಗೆಯಿಂದ ಕಂಪನಿ ಕಲಿತದ್ದು ಒಳನಾಡಿನ ಮೇಲೆ ಕಣ್ಣಿಡಬೇಕೆಂಬ ಪಾಠ. ಮಂಗಳೂರಿನಿಂದ ಮಡಿಕೇರಿಗೆ ಏರುವ ದಾರಿಯಲ್ಲಿ ಪುತ್ತೂರು ನಡುದಾರಿಯ ಠಾಣೆಯಾಯಿತು. ಕಚೇರಿ, ಬಂಗಲೆ, ಮುನ್ಸೀಫರ ನ್ಯಾಯಾಲಯ ಒಂದೊಂದಾಗಿ ಬಂದವು. ತಾಲೂಕಿನ ಹೆಸರು ಮಾತ್ರ ಉಪ್ಪಿನಂಗಡಿ. 20ನೇ ಶತಮಾನದ ಆರಂಭಕ್ಕೆ ಸಾವಿರಕ್ಕೂ ಹೆಚ್ಚು ಚದರ ಮೈಲಿ ಹರಡಿದ್ದ ಆ ಉಪ್ಪಿನಂಗಡಿ ತಾಲೂಕಿನ ಮುಖ್ಯ ಕಚೇರಿ ಪುತ್ತೂರಿನಲ್ಲಿತ್ತು. ಈಗಿನ ಪುತ್ತೂರು, ಸುಳ್ಯ, ಕಡಬ, ಬೆಳ್ತಂಗಡಿ ತಾಲೂಕುಗಳೆಲ್ಲ ಅದರೊಳಗೆ ಇದ್ದವು. 1901ರ ಜನಗಣತಿಯಲ್ಲಿ ಇಷ್ಟು ದೊಡ್ಡ ಸೀಮೆಯಲ್ಲಿ ಇದ್ದ ಜನ ಎರಡು ಲಕ್ಷವೂ ಅಲ್ಲ. ಕಾಡು ದಟ್ಟವಾಗಿತ್ತು, ಮಲೇರಿಯಾ ಜೋರಾಗಿತ್ತು. ಘಟ್ಟದ ಬುಡದ ಊರುಗಳಿಗೆ ವರ್ಗವಾದರೆ ಸರಕಾರಿ ನೌಕರರು ಹೆದರುವ ಕಾಲ ಅದು.

ಈ ಕಚೇರಿ ಪೇಟೆಯ ವಕೀಲರೊಬ್ಬರಿಂದ ಜಿಲ್ಲೆಯ ಆರ್ಥಿಕ ಚರಿತ್ರೆಯ ಮುಖ್ಯ ಅಧ್ಯಾಯ ಶುರುವಾಯಿತು. ಮೊಳಹಳ್ಳಿ ಶಿವರಾವ್ ಹುಟ್ಟಿದ್ದು 1880ರಲ್ಲಿ. ಪುತ್ತೂರಿನಲ್ಲಿ ವಕೀಲಿ ನಡೆಸುತ್ತಿದ್ದ ಅವರಿಗೆ ರೈತರ ಸಾಲದ ದಾವೆಗಳು ದಿನನಿತ್ಯದ ವಿಷಯ. ಬೆಳೆಯ ಮೇಲೆ ಮುಂಗಡ ಪಡೆದು, ಬಡ್ಡಿ ಕಟ್ಟಲಾಗದೆ, ಬೆಳೆಯನ್ನೂ ಆಮೇಲೆ ನೆಲವನ್ನೂ ಕಳೆದುಕೊಳ್ಳುವವರ ಕಾಗದಪತ್ರಗಳು ಕೋರ್ಟಿನಲ್ಲಿ ರಾಶಿ ಬೀಳುತ್ತಿದ್ದವು. 1904ರ ಕಾಯಿದೆ ಹಳ್ಳಿಯ ಮಟ್ಟದಲ್ಲಿ ಸಾಲದ ಸಹಕಾರ ಸಂಘಗಳಿಗೆ ದಾರಿ ಮಾಡಿತ್ತು. 1912ರ ಕಾಯಿದೆ ಅವುಗಳಿಗೆ ಹಣ ಒದಗಿಸುವ ಕೇಂದ್ರ ಬ್ಯಾಂಕುಗಳನ್ನೂ ಒಪ್ಪಿತು. 1914ರಲ್ಲಿ ಶಿವರಾಯರು ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಜಿಲ್ಲೆಯ ಬ್ಯಾಂಕು ಹುಟ್ಟಿದ್ದು ಜಿಲ್ಲೆಯ ಮುಖ್ಯಪಟ್ಟಣ ಮಂಗಳೂರಿನಲ್ಲಿ ಅಲ್ಲ, ಪುತ್ತೂರಿನಲ್ಲಿ. ಮುಂದೆ ಪ್ರಧಾನ ಕಚೇರಿ ಮಂಗಳೂರಿಗೆ ಹೋಯಿತು. ಪುತ್ತೂರು ಹಡೆದು ಮಂಗಳೂರಿಗೆ ಒಪ್ಪಿಸಿದ ಸಂಸ್ಥೆಗಳಲ್ಲಿ ಇದು ದೊಡ್ಡದು. ಶಿವರಾಯರ ಕೆಲಸ ಬ್ಯಾಂಕಿಗೆ ಮುಗಿಯಲಿಲ್ಲ. ಶಾಲೆ, ಗ್ರಂಥಾಲಯ, ದಸರಾ ನಾಡಹಬ್ಬ ಎಲ್ಲದರ ಹಿಂದೆಯೂ ಅವರಿದ್ದರು. ಒಳನಾಡಿನ ಒಂದು ಸಣ್ಣ ಪೇಟೆಗೆ ಸಾರ್ವಜನಿಕ ಜೀವನ ಎಂಬುದನ್ನು ಕಲಿಸಿದವರು ಎಂದರೆ ಅತಿಶಯೋಕ್ತಿಯಲ್ಲ.

1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಕೊಡಗಿನಿಂದ ಸಂಪಾಜೆ ಘಾಟಿ ಇಳಿದು ಸುಳ್ಯದ ಮೂಲಕ ಪುತ್ತೂರಿಗೆ ಬಂದರು. ಬಸ್ ನಿಲ್ದಾಣದ ಬಳಿಯ ಗಾಂಧಿ ಕಟ್ಟೆ ಆ ಭೇಟಿಯ ಗುರುತು.

ಮೊಳಹಳ್ಳಿಯವರ ನಾಡಹಬ್ಬದ ನಂಟಿನಿಂದ ಪುತ್ತೂರಿಗೆ ಬಂದು ನೆಲೆಸಿದವರು ಕೋಟ ಶಿವರಾಮ ಕಾರಂತರು. 1930ರ ದಶಕದಿಂದ ಸುಮಾರು ನಾಲ್ಕು ದಶಕ ಅವರು ಪುತ್ತೂರಿನವರೇ ಆಗಿದ್ದರು. ಪರ್ಲಡ್ಕದ ಗುಡ್ಡೆಯ ಮೇಲಿನ ಬಾಲವನದಲ್ಲಿ ಮಕ್ಕಳ ಶಿಕ್ಷಣ, ನಾಟಕ, ನೃತ್ಯಗಳ ಪ್ರಯೋಗ ನಡೆಸಿದರು. ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ತಂದರು. ‘ಹರ್ಷ ಪ್ರಕಟಣಾಲಯ, ಪುತ್ತೂರು’ ಎಂಬ ವಿಳಾಸ ಹೊತ್ತ ಪುಸ್ತಕಗಳು ಕನ್ನಡ ನಾಡಿನ ಮನೆಮನೆ ತಲಪಿದವು. 1943ರ ‘ಬೆಟ್ಟದ ಜೀವ’ದ ನೆಲ ಸುಬ್ರಹ್ಮಣ್ಯದ ಸುತ್ತಣ ಕಾಡು. ಕಾಡು ಕಡಿದು ತೋಟ ಎಬ್ಬಿಸುವ ಮುದುಕನೊಬ್ಬನ ಹಟ ಮತ್ತು ಒಂಟಿತನದ ಆ ಕಥೆ, ಸುಳ್ಯ–ಕಡಬದ ಕಡೆ ಅಡಿಕೆ ಕೃಷಿ ಹೇಗೆ ಬೇರೂರಿತು ಎಂಬುದಕ್ಕೆ ಯಾವ ವರದಿಗಿಂತಲೂ ಚೆನ್ನಾದ ದಾಖಲೆ. 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಬರುವ ಹೊತ್ತಿಗೆ ಕಾರಂತರು ಪುತ್ತೂರು ಬಿಟ್ಟು ಸಾಲಿಗ್ರಾಮ ಸೇರಿದ್ದರು. ಬಾಲವನ ಈಗ ಸರಕಾರದ ವಶದಲ್ಲಿದೆ. ಪುಸ್ತಕ ಪ್ರಕಟಿಸುವ ಪರಂಪರೆಯನ್ನು ಪುತ್ತೂರು ಕರ್ನಾಟಕ ಸಂಘ ಬೋಳಂತಕೋಡಿ ಈಶ್ವರ ಭಟ್ಟರ ನೇತೃತ್ವದಲ್ಲಿ ಮುಂದುವರಿಸಿತು.

ಸಾಹಿತ್ಯ ಕನ್ನಡದ್ದು, ಆದರೆ ಪೇಟೆಯ ಮಾತು ತುಳು. ಅಂಗಡಿಯ ಗಲ್ಲೆಯ ಮುಂದೆ ಹವ್ಯಕ, ಅರೆಭಾಷೆ, ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ ಮನೆಮಾತಿನವರೆಲ್ಲ ತುಳುವಿನಲ್ಲೇ ಚೌಕಾಸಿ ಮಾಡುತ್ತಾರೆ. ಅರ್ಜಿ ಬರೆಯುವಾಗ ಕನ್ನಡ. ಮದರಾಸಿನಿಂದ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಾಗ ಭಾಷೆಯ ಮಟ್ಟಿಗೆ ಪುತ್ತೂರಿಗೆ ಹೆಚ್ಚು ವ್ಯತ್ಯಾಸವಾಗಲಿಲ್ಲ. ವ್ಯತ್ಯಾಸವಾದದ್ದು ದಕ್ಷಿಣದ ಗಡಿಯಲ್ಲಿ. ಅದೇ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ಪೆರ್ಲ, ಬದಿಯಡ್ಕ, ಮುಳ್ಳೇರಿಯಗಳ ಕನ್ನಡಿಗರಿಗೆ ಪುತ್ತೂರು ಇದ್ದಕ್ಕಿದ್ದಂತೆ ಬೇರೆ ರಾಜ್ಯದ ಪೇಟೆಯಾಯಿತು. ಆದರೂ ಕಾಲೇಜಿಗೆ, ಆಸ್ಪತ್ರೆಗೆ, ಅಡಿಕೆ ಮಾರಲು ಅವರು ಬರುವುದು ನಿಲ್ಲಲಿಲ್ಲ.

ಈ ಪೇಟೆಗೆ ದುಡ್ಡು ತಂದದ್ದು ಅಡಿಕೆ. ಹಳೆಯ ಕೃಷಿಯಲ್ಲಿ ನೆಲದ ಎತ್ತರಕ್ಕೆ ತಕ್ಕಂತೆ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಯ ಗದ್ದೆಗಳಲ್ಲಿ ಭತ್ತ ಬೆಳೆಯುತ್ತಿದ್ದರು. ತೋಡಿನ ಬದಿಯ ತಂಪಿನಲ್ಲಿ ಅಡಿಕೆ ತೋಟ. ಬೇಸಿಗೆಯಲ್ಲಿ ತೋಡಿಗೆ ಕಟ್ಟ ಕಟ್ಟಿ ನೀರು ನಿಲ್ಲಿಸುವುದು, ಗುಡ್ಡೆಯ ಬದಿ ಕೊರೆದು ಸುರಂಗದಿಂದ ನೀರು ತರುವುದು, ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಮರಮರಕ್ಕೆ ಹತ್ತಿ ಬೋರ್ಡೋ ಮದ್ದು ಬಿಡುವುದು, ಇವು ತೋಟದ ವರ್ಷಚಕ್ರ. 1974ರ ಭೂಸುಧಾರಣಾ ತಿದ್ದುಪಡಿ ಕಾಯಿದೆ ಇಲ್ಲಿನ ಸಮಾಜವನ್ನು ಬುಡದಿಂದ ಬದಲಿಸಿತು. ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳು ಡಿಕ್ಲರೇಶನ್ ಹಾಕಿ ಭೂನ್ಯಾಯ ಮಂಡಳಿಯಲ್ಲಿ ನೆಲ ಪಡೆದರು. ರಾಜ್ಯದಲ್ಲಿ ಈ ಕಾಯಿದೆ ಹೆಚ್ಚು ಫಲ ಕೊಟ್ಟ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡ ಒಂದು. ಗೇಣಿಯ ಅಕ್ಕಿ ಅಳೆಯುವ ಹೊರೆ ಇಳಿದ ಮೇಲೆ ಸಣ್ಣ ಹಿಡುವಳಿಯವರು ಭತ್ತ ಬಿಟ್ಟು ಅಡಿಕೆಗೆ ತಿರುಗಿದರು. ಪಂಪ್‌ಸೆಟ್ ಬಂತು, ಆಮೇಲೆ ಬೋರ್‌ವೆಲ್ ಬಂತು. ತೋಡಿನ ಬದಿಯಲ್ಲಿದ್ದ ತೋಟ ಗುಡ್ಡೆ ಹತ್ತಿತು.

ಇದಕ್ಕೆ ಸ್ವಲ್ಪ ಮೊದಲು, 1970ರ ಸುಮಾರಿಗೆ, ಅಡಿಕೆ ಧಾರಣೆ ನೆಲ ಕಚ್ಚಿತ್ತು. ವ್ಯಾಪಾರ ಪೂರ್ತಿಯಾಗಿ ಖಾಸಗಿ ಮಂಡಿಗಳ ಕೈಯಲ್ಲಿದ್ದದ್ದರಿಂದ ಬೆಳೆಗಾರರಿಗೆ ಹಿಡಿತವಿರಲಿಲ್ಲ. ಅಡ್ಯನಡ್ಕದ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತನದಲ್ಲಿ 1973ರ ಜುಲೈ 11ರಂದು ಕ್ಯಾಂಪ್ಕೋ ಸ್ಥಾಪನೆಯಾಯಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಳಗೊಂಡ ಈ ಸಹಕಾರಿ ಸಂಸ್ಥೆ ಮಾರುಕಟ್ಟೆಗೆ ಇಳಿದು ಅಡಿಕೆ ಕೊಳ್ಳಲು ತೊಡಗಿದ ಮೇಲೆ ಧಾರಣೆಗೆ ಒಂದು ತಳ ಸಿಕ್ಕಿತು. ಶಿವರಾಯರು ಆರು ದಶಕಗಳ ಹಿಂದೆ ಬಿತ್ತಿದ ಸಹಕಾರದ ಅಭ್ಯಾಸ ಇಲ್ಲದಿದ್ದರೆ ಕ್ಯಾಂಪ್ಕೋ ಅಷ್ಟು ಬೇಗ ಕಾಲೂರುತ್ತಿರಲಿಲ್ಲ. ಹಳ್ಳಿ ಹಳ್ಳಿಗಳ ಸಹಕಾರಿ ಸಂಘಗಳಲ್ಲಿ ಲೆಕ್ಕ ಬರೆಯಲು, ಸಭೆ ನಡೆಸಲು, ಪಾಲು ಬಂಡವಾಳ ಹೂಡಲು ಜನ ಆಗಲೇ ಕಲಿತಿದ್ದರು.

ಅಡಿಕೆಯ ಜತೆಗೆ ಕೊಕ್ಕೋ ಬಂತು. ಅಡಿಕೆ ಮರದ ನೆರಳಿನಲ್ಲಿ ಬೆಳೆಯುವ ಈ ಗಿಡವನ್ನು ಹಚ್ಚಲು ರೈತರನ್ನು ಪ್ರೋತ್ಸಾಹಿಸಿದ್ದು ಖಾಸಗಿ ಚಾಕಲೇಟು ಉದ್ಯಮ. 1980ರ ಹೊತ್ತಿಗೆ ಖರೀದಿ ಕುಸಿದು, ಕೋಡು ಕೊಳ್ಳುವವರಿಲ್ಲದೆ ಎಷ್ಟೋ ತೋಟಗಳಲ್ಲಿ ಗಿಡ ಕಡಿದು ಹಾಕಿದರು. ಕ್ಯಾಂಪ್ಕೋ ಕೊಕ್ಕೋ ಖರೀದಿಗೂ ಇಳಿಯಿತು. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರವಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆ ಕಟ್ಟಿತು. 1986ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ರೈತರೇ ಒಡೆಯರಾದ ಚಾಕಲೇಟು ಕಾರ್ಖಾನೆ ಒಳನಾಡಿನ ತಾಲೂಕು ಪೇಟೆಯಲ್ಲಿ ಎದ್ದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅದೇ ವರ್ಷ ಮೊಟ್ಟೆತ್ತಡ್ಕದಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವೂ ಶುರುವಾಯಿತು. ಈಗ ಅದು ಗೇರು ಸಂಶೋಧನಾ ನಿರ್ದೇಶನಾಲಯ. ‘ಭಾಸ್ಕರ’ದ ಹಾಗಿನ ಗೇರು ತಳಿಗಳು ಇಲ್ಲಿಂದ ಬಂದವು. ಕಡಬದ ಕಡೆ ನೆಟ್ಟಣದ ಬಳಿಯ ಕಿದುವಿನಲ್ಲಿ ದಕ್ಷಿಣ ಏಷ್ಯಾದ ತೆಂಗಿನ ತಳಿಗಳ ಅಂತರರಾಷ್ಟ್ರೀಯ ಸಂಗ್ರಹವಿದೆ.

ಇಲ್ಲಿ ಒಂದು ಮಾತು ಹೇಳದೆ ಹೋಗುವಂತಿಲ್ಲ. ಗೇರು ಬ್ರೆಜಿಲಿನ ಮರ, ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದದ್ದು. ಕೊಕ್ಕೋ ಮತ್ತು ರಬ್ಬರು ಅಮೆಜಾನ್ ಕಾಡಿನವು. ಮರಗೆಣಸು, ಅನಾನಸು ಕೂಡ ದಕ್ಷಿಣ ಅಮೆರಿಕದ ಸಂತತಿಯೇ. ಪುತ್ತೂರು ಸೀಮೆಯ ಗುಡ್ಡೆಯ ಮೇಲೆ ಇವತ್ತು ಕಾಣುವ ಬೆಳೆಗಳಲ್ಲಿ ಅರ್ಧದಷ್ಟು ಕಡಲಾಚೆಯ ಇನ್ನೊಂದು ಖಂಡದ ಮಳೆಕಾಡಿನಿಂದ ಬಂದವು. ಜೋರು ಮಳೆ, ಮುರ ಮಣ್ಣು, ಸೆಕೆ ಇರುವಲ್ಲಿ ಅವಕ್ಕೆ ಪರವೂರು ಎನಿಸಲಿಲ್ಲ.

ರಬ್ಬರಿನ ಜತೆಗೆ ಜನರೂ ಬಂದರು. 20ನೇ ಶತಮಾನದ ನಡುವಿನಲ್ಲಿ ತಿರುವಾಂಕೂರಿನ ಕಡೆಯ ಕ್ರೈಸ್ತ ಕೃಷಿಕರು ಕಡಬ, ನೆಲ್ಯಾಡಿ, ಶಿರಾಡಿಗಳಲ್ಲಿ ಕಾಡಂಚಿನ ನೆಲ ಕೊಂಡು ರಬ್ಬರು, ಮರಗೆಣಸು ಹಾಕಿದರು. 2010ರಲ್ಲಿ ಪುತ್ತೂರು ಸೀರೋ ಮಲಂಕರ ಕೆಥೋಲಿಕ್ ಧರ್ಮಪ್ರಾಂತ್ಯದ ಕೇಂದ್ರವಾದದ್ದು ಈ ವಲಸೆಯ ಫಲ. ಇನ್ನೊಂದು ವಲಸೆ ಸರಕಾರವೇ ಮಾಡಿಸಿದ್ದು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ತೋಟ ಕಾರ್ಮಿಕರ ಕುಟುಂಬಗಳಿಗೆ ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರು ತೋಟಗಳಲ್ಲಿ ಕೆಲಸ, ಮನೆ ಕೊಡಲಾಯಿತು. ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ, ತುಳು ಮಾತಾಡಿ, ಮನೆಯಲ್ಲಿ ತಮಿಳು ಉಳಿಸಿಕೊಂಡರು.

ಓದು, ಬರಹದಲ್ಲಿ ಪುತ್ತೂರು ಕೃಷಿಯನ್ನು ಬಿಡಲಿಲ್ಲ. 1988ರಲ್ಲಿ ಇಲ್ಲಿಂದ ಹೊರಟ ಮಾಸಿಕ ‘ಅಡಿಕೆ ಪತ್ರಿಕೆ’ ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ವಿಜ್ಞಾನಿ ಹೇಳಿದ್ದನ್ನು ರೈತ ಕೇಳುವ ಬದಲು, ತೋಟದಲ್ಲಿ ಮಾಡಿ ನೋಡಿದವನೇ ಬರೆಯುವ ಕ್ರಮ ಅದರದ್ದು. ನೀರಿಂಗಿಸುವುದು, ಹಲಸಿನ ಮೌಲ್ಯವರ್ಧನೆ ಮೊದಲಾದ ವಿಷಯಗಳು ಊರೂರಿಗೆ ತಲಪಿದ್ದರಲ್ಲಿ ಈ ಸಣ್ಣ ಪತ್ರಿಕೆಯ ಪಾಲು ದೊಡ್ಡದು.

ಕಾಲೇಜುಗಳ ಕಥೆ ಬೇಗ ಹೇಳಿ ಮುಗಿಸಬಹುದು. 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಆರಂಭವಾದವು. ಅದಕ್ಕೂ ಮುಂಚೆ ಪದವಿ ಓದಬೇಕಾದರೆ ಮಂಗಳೂರಿಗೆ ಹೋಗಬೇಕಿತ್ತು. ಸುಳ್ಯದಲ್ಲಿ ಈ ಕೆಲಸವನ್ನು ಬಹುಪಾಲು ಒಬ್ಬರೇ ಮಾಡಿದರು. ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜು ತೆರೆದು, ಮುಂದೆ ಎಂಜಿನಿಯರಿಂಗ್, ಆಯುರ್ವೇದ, ವೈದ್ಯಕೀಯ ಕಾಲೇಜುಗಳನ್ನು ಕಟ್ಟಿ ಪಯಸ್ವಿನಿ ದಂಡೆಯ ಸಣ್ಣ ಪೇಟೆಯನ್ನು ವಿದ್ಯಾಕೇಂದ್ರ ಮಾಡಿದರು. ವೈದ್ಯಕೀಯ ಕಾಲೇಜಿನ ಮಟ್ಟಿಗೆ ಸುಳ್ಯ ಪುತ್ತೂರಿಗಿಂತ ಮುಂದೆ ಹೋಯಿತು.

ರೈಲು ಬಂದದ್ದು ತಡವಾಗಿ. ಮಂಗಳೂರು–ಹಾಸನ ಮೀಟರ್‌ಗೇಜ್ ಮಾರ್ಗ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಗೇಜ್ ಪರಿವರ್ತನೆಗಾಗಿ ಘಾಟಿಯ ಸಂಚಾರ ನಿಂತು, ಬೆಂಗಳೂರು–ಮಂಗಳೂರು ಪ್ರಯಾಣಿಕ ರೈಲು ಮತ್ತೆ ಓಡಿದ್ದು 2007ರಲ್ಲಿ. ನಿಲ್ದಾಣದ ಫಲಕದ ಮೇಲೆ ಇವತ್ತಿಗೂ ಕಬಕ–ಪುತ್ತೂರು ಎಂದೇ ಇದೆ. ರೈಲಿಗಿಂತ ರಸ್ತೆಯೇ ಈ ಪೇಟೆಗೆ ಮುಖ್ಯ. ಮಾಣಿಯಿಂದ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ ಮಾರ್ಗವಾಗಿ ಮೈಸೂರಿಗೆ ಏರುವ ಹೆದ್ದಾರಿ ಹಳೆಯ ಕೊಡಗು ದಾರಿಯ ಜಾಡಿನಲ್ಲೇ ಇದೆ. ಸೋಮವಾರ ಕಿಲ್ಲೆ ಮೈದಾನದ ಸಂತೆಗೆ ಘಟ್ಟದ ಮೇಲಿನ ತರಕಾರಿ ಬರುವುದೂ ಘಾಟಿ ರಸ್ತೆಗಳಿಂದಲೇ. ಪುತ್ತೂರಿನ ಸರಕಿನಲ್ಲಿ ಇತ್ತೀಚೆಗೆ ಹೆಚ್ಚು ದೂರ ಹೋದದ್ದು ಬಹುಶಃ ನರಿಮೊಗರಿನಲ್ಲಿ ತಯಾರಾಗುವ ಬಿಂದು ಜೀರಾ ಪಾನೀಯ.

ಈ ನಡುವೆ ತಾಲೂಕು ಮಾತ್ರ ತುಂಡುತುಂಡಾಗುತ್ತ ಬಂತು. ಬೆಳ್ತಂಗಡಿ ಬೇರೆಯಾಯಿತು. 1960ರ ದಶಕದಲ್ಲಿ ಸುಳ್ಯ ಬೇರೆಯಾಯಿತು. 2013ರಲ್ಲಿ ಘೋಷಣೆಯಾದ ಹೊಸ ತಾಲೂಕುಗಳ ಪಟ್ಟಿಯಲ್ಲಿ ಕಡಬದ ಹೆಸರು ಬಂದು, ಪುತ್ತೂರು, ಸುಳ್ಯ ಎರಡರಿಂದಲೂ ಗ್ರಾಮಗಳನ್ನು ತೆಗೆದು ಆ ತಾಲೂಕು ರೂಪುಗೊಂಡಿತು. ಕುಕ್ಕೆ ಸುಬ್ರಹ್ಮಣ್ಯ ಈಗ ಕಡಬದ್ದು. ಪ್ರತಿ ಸಲ ನೆಲ ಕಳೆದುಕೊಂಡರೂ ಪುತ್ತೂರು ಪೇಟೆ ಕುಗ್ಗಲಿಲ್ಲ. ಕಾರಣ ಸರಳ. 1901ರಲ್ಲಿ ಎರಡು ಲಕ್ಷದ ಒಳಗಿದ್ದ ಹಳೆಯ ತಾಲೂಕಿನ ಜನ 2011ಕ್ಕೆ ಸುಮಾರು 7 ಲಕ್ಷವಾದರು. ಹೊಸ ತಾಲೂಕು ಕೇಂದ್ರಗಳು ಪಹಣಿ ಕೊಟ್ಟವು, ಆದರೆ ದೊಡ್ಡ ಖರೀದಿ, ದೊಡ್ಡ ಕಾಯಿಲೆ, ದೊಡ್ಡ ಮೊಕದ್ದಮೆ ಪುತ್ತೂರಿಗೇ ಬಂದವು. ಕಂದಾಯದ ಲೆಕ್ಕದಲ್ಲೂ ಪುತ್ತೂರು, ಸುಳ್ಯ, ಕಡಬ, ಬೆಳ್ತಂಗಡಿ ನಾಲ್ಕೂ ಪುತ್ತೂರು ಉಪವಿಭಾಗದಲ್ಲೇ ಇವೆ. ಹಳೆಯ ಉಪ್ಪಿನಂಗಡಿ ತಾಲೂಕು ಹೆಸರು ಕಳೆದುಕೊಂಡು ಸಹಾಯಕ ಕಮಿಷನರರ ಕಚೇರಿಯೊಳಗೆ ಉಳಿದಿದೆ. ಪುತ್ತೂರನ್ನೇ ಜಿಲ್ಲೆ ಮಾಡಬೇಕೆಂಬ ಬೇಡಿಕೆಗೂ ಇದೇ ಆಧಾರ.

ಆದರೆ ಪೇಟೆ ನಿಂತಿರುವುದು ಕಚೇರಿಗಳ ಮೇಲಲ್ಲ, ತೋಟದ ಮೇಲೆ. ಅಲ್ಲಿ ಈಗ ಸಂಕಟವಿದೆ. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆರೋಗ ಅಡಿಕೆ ತೋಟಗಳನ್ನು ವರ್ಷದಿಂದ ವರ್ಷಕ್ಕೆ ಬರಡಾಗಿಸುತ್ತಿದೆ. ಅದಕ್ಕೆ ಖಚಿತವಾದ ಮದ್ದು ಸಿಕ್ಕಿಲ್ಲ. ರೋಗ ಬಂದಲ್ಲಿ ಕೆಲವರು ಮರ ಕಡಿದು ರಬ್ಬರು, ಕಾಳುಮೆಣಸು, ಹಣ್ಣಿನ ಗಿಡಗಳನ್ನು ಹಾಕಿ ನೋಡುತ್ತಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ತೋಟ ನೋಡಿಕೊಳ್ಳುವವರಿಲ್ಲದ ಮನೆಗಳೂ ಹೆಚ್ಚಿವೆ. ಅಡಿಕೆ ಮರ ಹತ್ತುವ ಕೆಲಸಕ್ಕೆ ಜನ ಸಿಗುವುದು ಕಷ್ಟವಾಗಿ, ನೆಲದಲ್ಲೇ ನಿಂತು ಮದ್ದು ಬಿಡುವ, ಗೊನೆ ಕೊಯ್ಯುವ ಉದ್ದದ ದೋಟಿಗಳು ಬಂದಿವೆ. ಮಡಿಕೇರಿ ಘಟಕವನ್ನೂ ಒಳಗೊಂಡ ಕೆಎಸ್‌ಆರ್‌ಟಿಸಿ ಪುತ್ತೂರು ವಿಭಾಗದ ಬಸ್ಸುಗಳು ಸಂಪಾಜೆ ಘಾಟಿಯಲ್ಲಿ ದಿನವೂ ಏರಿ ಇಳಿಯುತ್ತವೆ. ವಾರದ ಕೊನೆಗೆ ಬೆಂಗಳೂರಿನಿಂದ ಬರುವ ರಾತ್ರಿ ಬಸ್ಸುಗಳಲ್ಲಿ ಸೀಟು ಸಿಗುವುದು ಕಷ್ಟ.